ಗುಜರಿಯಿಂದ ಕೂಡಿಸಿದ ಬಿಡಿಭಾಗಗಳಲ್ಲಿ ಒಂದು ಜಾವಾ: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು?

ಹಾಸನದ ಸವಾರ

ಎಲ್ಲರಿಗೂ ನಮಸ್ಕಾರ. ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳ ಬಿಡಿಭಾಗಗಳನ್ನು ಹಲವು ವರ್ಷಗಳಿಂದ ಕಂಡಲ್ಲೆಲ್ಲ ಕೊಂಡು ಕೂಡಿಡುತ್ತ ಬಂದಿದ್ದೇನೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ಒಂದು ಪೂರ್ತಿ ಗಾಡಿಗೆ ಸಾಲುವಷ್ಟು ಸಾಮಾನು ಸೇರಿದೆ ಎನ್ನಿಸುತ್ತಿರುವುದರಿಂದ, ಕೈಹಚ್ಚುವ ಮೊದಲು ಇಲ್ಲಿರುವ ಅನುಭವಸ್ಥರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ನನ್ನ ಬಳಿ ಇರುವುದು ಇಷ್ಟು. ನಮ್ಮ ದೊಡ್ಡಪ್ಪನವರ 1968ರ ಜಾವಾ 250ರ ಚಾಸಿಸ್ಸು, ನೋಂದಣಿ ಸಂಖ್ಯೆಗಳು ಎಂವೈ (ಹಳೆಯ ಮೈಸೂರು ರಾಜ್ಯ) ಅಕ್ಷರಗಳಿಂದ ಆರಂಭವಾಗುತ್ತಿದ್ದ ಕಾಲದ ಅದರ ಆರ್‌ಸಿ ಪುಸ್ತಕ, ಮತ್ತು ಅದೇ ಗಾಡಿಯ ಎಂಜಿನ್ನಿನ ಖಾಲಿ ಕೇಸು. ಒಳಗಿನ ಕ್ರ್ಯಾಂಕು, ಪಿಸ್ಟನ್ನು, ಗೇರುಗಳು ಯಾವುದೂ ಉಳಿದಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೊಂಡ ಒಂದು ಯೆಜ್ಡಿ ರೋಡ್‌ಕಿಂಗ್ ಎಂಜಿನ್ನು ಹೆಚ್ಚುಕಡಿಮೆ ಇಡಿಯಾಗಿದೆ, ಆದರೆ ಅದಕ್ಕೆ ಕಾಗದಪತ್ರ ಇಲ್ಲ. ಪಕ್ಕಗಳಿಗೆ ಕ್ರೋಮ್ ಇರುವ ಹಳೆಯ ಟ್ಯಾಂಕು ಒಂದಿದ್ದು, ಹೊರಗೆ ಚೆನ್ನಾಗಿಯೂ ಒಳಗೆ ತುಕ್ಕು ಹಿಡಿದೂ ಇದೆ. ಇವುಗಳ ಜೊತೆಗೆ 18 ಇಂಚಿನ ರೋಡ್‌ಕಿಂಗ್ ಚಕ್ರಗಳು, ಸವೆದ ಜಿಕೋವ್ ಕಾರ್ಬ್ಯುರೇಟರುಗಳು, ಯಾವ ಮಾದರಿಯದೆಂದು ತಿಳಿಯದ ಡೈನಮೋ, ಒಂದು ಜೊತೆ ಸೈಲೆನ್ಸರ್.

ಹಿಂಬದಿಯ ಚೌಕಟ್ಟನ್ನು ಕತ್ತರಿಸಿ ಗಿಡ್ಡ ಮಾಡಿ, ಒಂಟಿ ಸೀಟು ಕೂರಿಸಿ, ರೋಡ್‌ಕಿಂಗ್ ಎಂಜಿನ್ನು ಮತ್ತು ಚಕ್ರಗಳನ್ನು ಹಾಕಿ, ಸೈಲೆನ್ಸರನ್ನು ಮೊಟಕುಗೊಳಿಸಬೇಕೆಂಬುದು ನನ್ನ ಆಲೋಚನೆ. ನೋಡಿದವರು ಅದನ್ನು ಜಾವಾ ಎಂದು ಗುರುತಿಸಬೇಕು, ಆದರೆ ಅಂಥದು ಇನ್ನೊಂದು ಇರಬಾರದು. ಎಲ್ಲಿಂದ ಆರಂಭಿಸಲಿ?

ಯಾದವಗಿರಿ

ಸವಾರರೇ, ಗರಗಸವನ್ನು ಸದ್ಯಕ್ಕೆ ದೂರವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ಅತ್ಯಂತ ಬೆಲೆಬಾಳುವ ವಸ್ತುಗಳು ಒಂದಕ್ಕೊಂದು ಸೇರಿದ ಆ ಚಾಸಿಸ್ಸು, ಆ ಪುಸ್ತಕ ಮತ್ತು ನೀವು ಖಾಲಿ ಎಂದು ಬರೆದಿರುವ ಆ ಎಂಜಿನ್ ಕೇಸು. ಉಳಿದ ಎಲ್ಲವನ್ನೂ ಹುಡುಕಿ ತರಬಹುದು, ಮಾಡಿಸಬಹುದು. ಒಂದೇ ಗಾಡಿಯ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಪುಸ್ತಕ ಒಟ್ಟಿಗೆ ಉಳಿದಿರುವುದು ಈಗ ಅಪರೂಪ. ಗುಜರಿಗಳಲ್ಲಿ ಗಾಡಿಯನ್ನು ಒಡೆದು ಮಾರುವಾಗ ಎಂಜಿನ್ನು ಒಬ್ಬರ ಕೈಗೆ, ಚಾಸಿಸ್ಸು ಇನ್ನೊಬ್ಬರ ಕೈಗೆ ಹೋಗುತ್ತದೆ, ಪುಸ್ತಕ ರದ್ದಿಗೆ ಹೋಗುತ್ತದೆ. ಆದ್ದರಿಂದ ನೀವು ಕಟ್ಟಬೇಕಾದ ಗಾಡಿ ಯಾವುದೆಂಬುದನ್ನು ಆ ಮೂರು ವಸ್ತುಗಳೇ ನಿರ್ಧರಿಸಿವೆ.

ನಮ್ಮೂರಿನ ಈ ಗಾಡಿಯ ವಿಷಯದಲ್ಲಿ ಬಿಡಿಭಾಗಗಳ ಗೊಂದಲ ಏಕೆ ಇಷ್ಟಿದೆ ಎಂಬುದಕ್ಕೆ ಕಾರಣ ಅದರ ಇತಿಹಾಸದಲ್ಲೇ ಇದೆ. ಇರಾನಿ ಕುಟುಂಬದವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆಯನ್ನು ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಉದ್ಘಾಟಿಸಿದರು. ಮೊದಲು ಬಂದದ್ದು ಜೆಕೊಸ್ಲೊವಾಕಿಯಾದ 353 ಮಾದರಿಯ ಜಾವಾ. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಇಷ್ಟೂ ಕಾಲ 250ರ ಎಂಜಿನ್ನಿನ ಬೋರು (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕು (ಪಿಸ್ಟನ್ನು ಓಡುವ ದೂರ) 75 ಮಿ.ಮೀ. ಎಂಬ ಮೂಲ ಅಳತೆ ಬದಲಾಗಲಿಲ್ಲ. ಇದನ್ನು ಕೇಳಿದವರು ಯಾವ ಗಾಡಿಯ ಸಾಮಾನಾದರೂ ಯಾವುದಕ್ಕಾದರೂ ಕೂರುತ್ತದೆ ಎಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಬೋರು ಒಂದೇ ಆದರೂ ರೋಡ್‌ಕಿಂಗ್ ಸಿಲಿಂಡರಿನ ಪೋರ್ಟುಗಳು (ಮಿಶ್ರಣವೂ ಹೊಗೆಯೂ ಹಾಯುವ ಕಿಂಡಿಗಳು) ಬೇರೆ, ಅದಕ್ಕೆ ತಕ್ಕಂತೆ ಅದು ಕೊಡುವ ಶಕ್ತಿಯೂ ಬೇರೆ. ಹೊರನೋಟಕ್ಕೆ ಒಂದೇ ಎನ್ನಿಸುವ ಗೇರುಗಳಲ್ಲಿ ಹಲ್ಲುಗಳ ಎಣಿಕೆ ಬೇರೆ ಇರಬಹುದು. ಗುಜರಿಯವರು ಕೊಟ್ಟ ಮಾತಿನ ಮೇಲೆ ಯಾವುದನ್ನೂ ಕೂರಿಸದೆ, ವರ್ನಿಯರ್ ಹಿಡಿದು ಅಳೆದೇ ನಂಬಬೇಕು.

ಕೇಸಿನ ವಿಷಯದಲ್ಲಿ ಇನ್ನೊಂದು ಮಾತು. ಎಡ ಮತ್ತು ಬಲ ಕೇಸುಗಳು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಬೋರ್ ಆಗಿ ಬಂದವು. ಬೇರೆ ಬೇರೆ ಎಂಜಿನ್ನುಗಳ ಎರಡು ಅರ್ಧಗಳನ್ನು ಸೇರಿಸಿದರೆ ಬೇರಿಂಗಿನ ಮನೆಗಳು ಒಂದೇ ರೇಖೆಯಲ್ಲಿ ನಿಲ್ಲುವುದಿಲ್ಲ. ಗಾಡಿ ಓಡುವುದೇನೋ ಓಡುತ್ತದೆ, ಆದರೆ ಬೇರಿಂಗು ಮತ್ತು ಸೀಲುಗಳು ಪದೇ ಪದೇ ಹೋಗುತ್ತಿರುತ್ತವೆ. ನಿಮ್ಮ ಖಾಲಿ ಕೇಸಿನ ಎರಡೂ ಅರ್ಧಗಳು ದೊಡ್ಡಪ್ಪನವರ ಗಾಡಿಯವೇ ಆಗಿದ್ದರೆ ಅವನ್ನು ಜೋಪಾನ ಮಾಡಿ. ರೋಡ್‌ಕಿಂಗ್ ಎಂಜಿನ್ನು ಚಾಸಿಸ್ಸಿನ ಮೌಂಟಿಂಗಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಆಮೇಲಿನದು.

ಆರ್‌ಸಿ ಪುಸ್ತಕ

ಯಾದವಗಿರಿಯವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ನನ್ನದೊಂದು ಸೇರ್ಪಡೆ. ಸಾರಿಗೆ ಕಚೇರಿಯ ಕಡತಗಳ ನಡುವೆ ವೃತ್ತಿಜೀವನ ಕಳೆದವನಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ಮತ್ತು ನೋಂದಣಿ ಪತ್ರದಲ್ಲಿ ನಮೂದಾಗಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾಲೀಕರು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಚಾಸಿಸ್ಸನ್ನು ಕತ್ತರಿಸಿ ಗಿಡ್ಡ ಮಾಡುವುದು ಈ ನಿಷೇಧದ ಒಳಗೆ ನೇರವಾಗಿ ಬರುತ್ತದೆ. ಬಣ್ಣ ಬದಲಿಸಿದರೆ ಪುಸ್ತಕದಲ್ಲಿ ತಿದ್ದುಪಡಿ ಮಾಡಿಸಿಕೊಳ್ಳಬಹುದು. ಎಂಜಿನ್ ಬದಲಿಸಬೇಕಾದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು, ಹಾಕುವ ಎಂಜಿನ್ನು ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಬೇಕು. ಕಾಗದವಿಲ್ಲದ ರೋಡ್‌ಕಿಂಗ್ ಎಂಜಿನ್ನಿಗೆ ಆ ದಾಖಲೆಯನ್ನು ನೀವು ಒದಗಿಸಲಾರಿರಿ. ಅದು ಕಳವಾದ ಗಾಡಿಯದಾಗಿದ್ದರೆ, ನಿಮಗೆ ತಿಳಿಯದೆಯೇ ನೀವು ಪೊಲೀಸು ಠಾಣೆಯ ಮೆಟ್ಟಿಲೇರಬೇಕಾಗುತ್ತದೆ. ಕೆಲವರು ಸಲಹೆ ಕೊಡುವಂತೆ ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆದು ಪುಸ್ತಕದ ಸಂಖ್ಯೆಯನ್ನು ಕೊರೆಸುವುದು ಅಪರಾಧ. ಅಂಥ ಸಲಹೆ ಕೊಡುವವರ ಅಂಗಡಿಯಲ್ಲಿ ಒಂದು ನಟ್ಟನ್ನೂ ಕೊಳ್ಳಬೇಡಿ.

ಇನ್ನು ವಿಂಟೇಜ್ ನೋಂದಣಿ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪ್ರತ್ಯೇಕ ನಿಯಮ ತಂದಿತು. ಅಂಥ ವಾಹನಕ್ಕೆ ನಡುವೆ ವಿಎ ಎಂಬ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗೆ ಮಾತ್ರ ಅದನ್ನು ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕೆ ಅಲ್ಲ. ನಿಮ್ಮ 1968ರ ಗಾಡಿ ವಯಸ್ಸಿನಲ್ಲಿ ಅರ್ಹ. ಆದರೆ ವಾಹನ ಮೂಲ ಸ್ವರೂಪದಲ್ಲೇ ಇರಬೇಕು, ಚಾಸಿಸ್ಸಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬ ಷರತ್ತು ಇದೆ. ನೀವು ಆಲೋಚಿಸಿದ ರೂಪದಲ್ಲಿ ಕಟ್ಟಿದರೆ ಆ ಬಾಗಿಲು ಮುಚ್ಚಿತು.

ದೊಡ್ಡಪ್ಪನವರು ಈಗ ಇಲ್ಲವಾದರೆ ಉಳಿದ ವಾರಸುದಾರರ ಒಪ್ಪಿಗೆ ಪಡೆದು ನಮೂನೆ 31ರಲ್ಲಿ ವರ್ಗಾವಣೆ ಮಾಡಿಸಿ, ನಮೂನೆ 25ರಲ್ಲಿ ನವೀಕರಣಕ್ಕೆ ಕೊಡಬೇಕು. ಹಳೆಯ ಕೈಬರಹದ ಪುಸ್ತಕಗಳ ವಿವರ ಗಣಕದಲ್ಲಿ ಇಲ್ಲದಿರುವುದು ಸಾಮಾನ್ಯ. ಮೊದಲು ನೋಂದಣಿಯಾದ ಕಚೇರಿಯಲ್ಲಿ ಮೂಲ ದಫ್ತರ ಹುಡುಕಿಸಿ, ಆ ವಿವರವನ್ನು ಗಣಕಕ್ಕೆ ಏರಿಸಲು ಅರ್ಜಿ ಕೊಡಿ. ಎಂಜಿನ್ ಬಿಚ್ಚುವ ಕೆಲಸಕ್ಕಿಂತ ಮೊದಲು ಈ ಕೆಲಸ ಆರಂಭವಾಗಲಿ, ಏಕೆಂದರೆ ಇದಕ್ಕೆ ಹಿಡಿಯುವ ಕಾಲ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕಟ್ಟುವ ಕೈ, ಬೆಂಗಳೂರು

ಹಿರಿಯರಿಬ್ಬರ ಮಾತಿಗೂ ಗೌರವವಿದೆ. ಆದರೂ ಒಂದು ಪಕ್ಷವನ್ನು ಇಲ್ಲಿ ಮಂಡಿಸಲೇಬೇಕು. ಎಲ್ಲ ಹಳೆಯ ಗಾಡಿಗಳನ್ನೂ ಕಾರ್ಖಾನೆಯಿಂದ ಬಂದ ದಿನದ ರೂಪಕ್ಕೇ ತರಬೇಕೆಂದು ಹಟ ಹಿಡಿದರೆ, ಚಾಸಿಸ್ಸು ಮುರಿದು, ಎಂಜಿನ್ನು ಕಳೆದು, ಯಾವುದಕ್ಕೂ ಯಾವುದೂ ಜೋಡಿಯಲ್ಲದೆ ಉಳಿದಿರುವ ಸಾವಿರಾರು ಬಿಡಿಭಾಗಗಳು ಕುಲುಮೆಗೆ ಹೋಗುತ್ತವೆ. ಕಸ್ಟಮ್, ಅಂದರೆ ತಮ್ಮಿಷ್ಟದ ರೂಪದಲ್ಲಿ, ಕಟ್ಟುವವರು ಅವುಗಳನ್ನು ಉಳಿಸುತ್ತಾರೆ. ನಾನು ಈ ಕೆಲಸವನ್ನು ಪ್ರೀತಿಯಿಂದ ಮಾಡುತ್ತೇನೆ, ಹಳೆಯ ವಸ್ತುವಿನ ಮೇಲಿನ ಗೌರವ ನಮ್ಮಂಥವರಿಗೆ ಕಡಿಮೆ ಎಂಬ ಮಾತನ್ನು ಒಪ್ಪುವುದಿಲ್ಲ.

ಅಷ್ಟಕ್ಕೂ ಕಸ್ಟಮ್ ಎಂದರೆ ಕತ್ತರಿಸುವುದೇ ಎಂದೇನೂ ಇಲ್ಲ. ಮಡ್‌ಗಾರ್ಡು, ಸೀಟು, ಹ್ಯಾಂಡಲು, ಪೆಟ್ಟಿಗೆಗಳು, ದೀಪ ಇವೆಲ್ಲ ಬೋಲ್ಟಿನಲ್ಲಿ ನಿಂತವು. ಮೂಲ ತೂತುಗಳಿಗೇ ಹೊಂದುವಂತೆ ಬ್ರಾಕೆಟ್ಟು ಮಾಡಿಸಿ ಒಂಟಿ ಸೀಟು ಕೂರಿಸಬಹುದು, ಚಾಸಿಸ್ಸಿಗೆ ಒಂದು ವೆಲ್ಡಿಂಗ್ ಚುಕ್ಕೆಯೂ ಬೀಳುವುದಿಲ್ಲ. ತೆಗೆದಿಟ್ಟ ಮೂಲ ಸೀಟನ್ನೂ ಮಡ್‌ಗಾರ್ಡನ್ನೂ ಎಣ್ಣೆ ಸವರಿ ಅಟ್ಟಕ್ಕೆ ಏರಿಸಿಡಿ, ಮುಂದೆ ಬೇಕಾದಾಗ ಬೋಲ್ಟು ಬಿಚ್ಚಿ ಹಳೆಯ ರೂಪಕ್ಕೆ ತರಬಹುದು. ಸವಾರರಿಗೆ ನನ್ನ ಸಲಹೆ ಇಷ್ಟೇ: ಸ್ಪ್ಯಾನರಿನಿಂದ ಹಿಂದಿರುಗಿಸಬಹುದಾದ ಬದಲಾವಣೆಗಳನ್ನು ಮಾತ್ರ ಮಾಡಿ. 18 ಇಂಚಿನ ಚಕ್ರಗಳನ್ನು ಮಾತ್ರ ಬಿಟ್ಟುಬಿಡಿ. ಜಾವಾದ ಆಳವಾದ ಮಡ್‌ಗಾರ್ಡುಗಳು 16 ಇಂಚಿನ ಚಕ್ರಕ್ಕೆಂದೇ ರೂಪುಗೊಂಡವು, ಗಾಡಿಯ ಆ ಕುಳಿತ ನಿಲುವು ಬರುವುದೇ ಅದರಿಂದ. ಚಕ್ರ ಏರಿಸಿದರೆ ಸ್ಟ್ಯಾಂಡು, ಚೈನ್‌ಕೇಸು, ಬ್ರೇಕಿನ ಕಡ್ಡಿ ಎಲ್ಲದರ ಲೆಕ್ಕವೂ ತಪ್ಪುತ್ತದೆ.

ಯಾದವಗಿರಿ

ಕಟ್ಟುವ ಕೈ ಅವರೇ, ನೀವು ಹೇಳಿದ ಆ ಮಿತಿಯೊಳಗೆ ನನಗೆ ತಕರಾರಿಲ್ಲ. ಜೋಡಿ ಕಳೆದುಕೊಂಡ ಭಾಗಗಳ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ನನ್ನ ಆಕ್ಷೇಪ ಇದ್ದದ್ದು ಜೋಡಿ ಉಳಿದಿರುವ ಗಾಡಿಯನ್ನು ಒಡೆಯುವುದಕ್ಕೆ. ಆದರೂ ಚೈನ್‌ಕೇಸನ್ನು ತೆಗೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಿಂದಿನ ಚೈನನ್ನು ಪೂರ್ತಿ ಮುಚ್ಚಿ, ಧೂಳು ನೀರು ಸೋಕದಂತೆ ಇಟ್ಟಿರುವುದು ಈ ಗಾಡಿಯ ದೊಡ್ಡ ಗುಣ. ನೋಟಕ್ಕೆಂದು ಅದನ್ನು ಕಳಚುವವರು ಚೈನಿನ ಆಯಸ್ಸನ್ನೂ ಕಳೆಯುತ್ತಾರೆ. ಹಾಗೆಯೇ ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವುದು, ಗೇರ್ ಲಿವರು ಒತ್ತಿದಾಗ ಕ್ಲಚ್ಚೂ ಬಿಡುವುದು, ಇವು ಕೇಸಿನ ಎಡಬದಿಯಲ್ಲಿ ಅಡಗಿರುವ ಕುಶಲತೆಗಳು. ಕ್ಲಚ್ ಬಿಡಿಸುವ ಆ ಕ್ಯಾಮ್‌ಗಳನ್ನು ಕಿತ್ತು ಬಿಸಾಡಿರುವ ಎಂಜಿನ್ನುಗಳನ್ನು ನೋಡಿ ಸಂಕಟಪಟ್ಟಿದ್ದೇನೆ.

ಹಾಸನದ ಸವಾರ

ಎಲ್ಲರಿಗೂ ಧನ್ಯವಾದಗಳು. ಕತ್ತರಿಸುವ ಯೋಚನೆ ಕೈಬಿಟ್ಟಿದ್ದೇನೆ. ದೊಡ್ಡಪ್ಪನವರ ಕೇಸನ್ನೇ ಆಧಾರ ಮಾಡಿಕೊಂಡು ಕಟ್ಟುತ್ತೇನೆ, ಸಂಖ್ಯೆಗಳು ಪುಸ್ತಕಕ್ಕೆ ಸರಿಹೊಂದುತ್ತವೆ. ಒಳಗಿನ ಗೇರುಗಳ ಒಂದು ಜೊತೆ ಮೈಸೂರಿನ ಹಳೆಯ ಮೆಕ್ಯಾನಿಕ್ಕೊಬ್ಬರಲ್ಲಿ ಸಿಗುತ್ತದೆ ಎಂದಿದ್ದಾರೆ. ಕ್ರ್ಯಾಂಕು ಸಿಕ್ಕಿದೆ, ಆದರೆ ಅದನ್ನು ಪಿಸ್ಟನ್ನಿಗೆ ಜೋಡಿಸುವ ಕಾನ್‌ರಾಡು ಮೇಲೆಕೆಳಗೆ ಆಡುತ್ತದೆ. ಇದನ್ನು ಹಾಕಬಹುದೇ? ಇನ್ನೊಂದು ಪ್ರಶ್ನೆ ಟ್ಯಾಂಕಿನ ಒಳಗಿನ ತುಕ್ಕಿನದು.

ಹುಬ್ಬಳ್ಳಿ ಲೇಥ್

ಅಣ್ಣಾ, ಕಾನ್‌ರಾಡ್ ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಮೇಲೆಕೆಳಗೆ ಆಡಿದರೆ ಬಿಗ್ ಎಂಡ್ (ಕ್ರ್ಯಾಂಕ್ ಕಡೆಯ ಬೇರಿಂಗು) ಸವೆದಿದೆ ಎಂದೇ ಅರ್ಥ. ಹಾಗೆಯೇ ಹಾಕಬೇಡಿ. ಈ ಎಂಜಿನ್ನಿನ ಕ್ರ್ಯಾಂಕು ಒತ್ತಿ ಕೂರಿಸಿದ್ದು. ಕ್ರ್ಯಾಂಕಿನದೇ ಎರಡು ಭಾರದ ಚಕ್ರಗಳ ನಡುವೆ ಕ್ರ್ಯಾಂಕ್ ಪಿನ್ನು ಬಿಗಿಯಾಗಿ ಕೂತಿರುತ್ತದೆ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು, ರೋಲರು, ಕಾನ್‌ರಾಡ್ ಹಾಕಿ ಮತ್ತೆ ಒತ್ತಬೇಕು. ಒತ್ತುವುದು ಯಾರಿಗಾದರೂ ಬಂದೀತು, ಕಷ್ಟ ಇರುವುದು ಅದರ ನಂತರದ ನೇರ ಮಾಡುವ ಕೆಲಸದಲ್ಲಿ.

ಹೇಗೆ ಮಾಡುತ್ತೇವೆಂದು ಹೇಳುತ್ತೇನೆ. ಕ್ರ್ಯಾಂಕನ್ನು ಲೇಥಿನ ಎರಡು ಸೆಂಟರುಗಳ ನಡುವೆ ಹಗುರವಾಗಿ ನಿಲ್ಲಿಸಿ, ಎರಡೂ ಕಡೆಯ ಶಾಫ್ಟಿನ ಮೇಲೆ ಡಯಲ್ ಗೇಜಿನ ಮುಳ್ಳು ಇಟ್ಟು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತೇವೆ. ಪ್ರೆಸ್ಸಿನಿಂದ ಬಂದ ಹೊಸತರಲ್ಲಿ ಮುಳ್ಳು ಹತ್ತಿಪ್ಪತ್ತು ಗೆರೆ ಓಲಾಡುವುದು ಸಾಮಾನ್ಯ. ಎತ್ತರವಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕ್ರ್ಯಾಂಕನ್ನು ಕೆಳಗಿಳಿಸಿ, ಚಕ್ರದ ಅಂಚಿಗೆ ತಾಮ್ರದ ಸುತ್ತಿಗೆಯಿಂದ ಒಂದು ಏಟು. ಮತ್ತೆ ಸೆಂಟರಿಗೆ ಏರಿಸಿ ನೋಡುವುದು. ಚಕ್ರಗಳು ಒಂದಕ್ಕೊಂದು ತಿರುಚಿಕೊಂಡಿವೆಯೋ, ಬಾಯಿ ಬಿಟ್ಟುಕೊಂಡಿವೆಯೋ ಎಂಬುದನ್ನು ಮುಳ್ಳಿನ ನಡೆಯಿಂದ ಓದಿಕೊಳ್ಳಬೇಕು. ಬಾಯಿ ಬಿಟ್ಟಿದ್ದರೆ ಒತ್ತಿ ಮುಚ್ಚಬೇಕು, ಮುಚ್ಚಿಕೊಂಡಿದ್ದರೆ ನಡುವೆ ಬೆಣೆ ಕೊಟ್ಟು ತೆರೆಯಬೇಕು. ಎರಡೂ ಶಾಫ್ಟುಗಳಲ್ಲಿ ಓಲಾಟ 0.02 ಮಿ.ಮೀ. ಒಳಗೆ ಬರುವವರೆಗೆ ನಾನು ಕೊಡುವುದಿಲ್ಲ. ಕ್ರ್ಯಾಂಕಿನ ಬಲಕೊನೆಯಲ್ಲಿ ಡೈನಮೋದ ಆರ್ಮೇಚರು ಕೂರುವುದರಿಂದ, ಶಾಫ್ಟು ಓಲಾಡಿದರೆ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಅಂತರವೂ ಓಲಾಡುತ್ತದೆ. ಕರೆಂಟಿನ ದೋಷವೆಂದು ಕಾಯಿಲ್ ಮೇಲೆ ಕಾಯಿಲ್ ಬದಲಿಸುವ ಎಷ್ಟೋ ಗಾಡಿಗಳ ರೋಗ ಕ್ರ್ಯಾಂಕಿನಲ್ಲಿ ಇರುತ್ತದೆ.

ಕ್ರ್ಯಾಂಕಿನ ಬೇರಿಂಗುಗಳಿಗೆ ವಿಂಟೇಜ್ ಎಂದು ಹೆಚ್ಚು ಬೆಲೆ ಕೊಡಬೇಡಿ. ಮೇಲೆ ಕೊರೆದ ಸಂಖ್ಯೆ ಓದಿ, ಒಳ್ಳೆಯ ಕಂಪನಿಯ ಅದೇ ಸಂಖ್ಯೆಯದನ್ನು ಸಿ3 ಸಡಿಲದಲ್ಲಿ (ಸಾಮಾನ್ಯಕ್ಕಿಂತ ತುಸು ಹೆಚ್ಚು ಸಡಿಲ) ಕೇಳಿ ಪಡೆಯಿರಿ. ಆಯಿಲ್ ಸೀಲುಗಳನ್ನು ಹಳೆಯ ದಾಸ್ತಾನಿನಿಂದ ತರಬೇಡಿ, ಪೊಟ್ಟಣ ಒಡೆಯದಿದ್ದರೂ ರಬ್ಬರು ಕಲ್ಲಾಗಿರುತ್ತದೆ. ಬೋರಿಂಗ್ ಮಾಡಿಸುವಾಗ ಪಿಸ್ಟನ್ನನ್ನು ಮೊದಲು ತಂದು ಲೇಥಿನವರ ಕೈಗೆ ಕೊಡಿ. ಡಬ್ಬಿಯ ಮೇಲೆ ಬರೆದ ಓವರ್‌ಸೈಜ್ ನೋಡಿ ಬೋರು ಮಾಡುವವರಲ್ಲಿ ಮಾಡಿಸಬೇಡಿ, ಪಿಸ್ಟನ್ನನ್ನೇ ಮೈಕ್ರೋಮೀಟರಿನಲ್ಲಿ ಅಳೆಯುವವರಲ್ಲಿ ಮಾಡಿಸಿ. ಬೋರು ಆದಮೇಲೆ ಪೋರ್ಟುಗಳ ಅಂಚು ಚೂರಿಯಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣ ಕಲ್ಲಿನಿಂದ ಉಜ್ಜಿ ನಯ ಮಾಡದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ.

ಎಂಜಿನ್ನನ್ನು ಜೋಡಿಸಿದ ಮೇಲೆ, ಚಾಸಿಸ್ಸಿಗೆ ಏರಿಸುವ ಮೊದಲು ಗಾಳಿ ಪರೀಕ್ಷೆ ಮಾಡಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸೇ ಒಂದು ಪಂಪು. ಸೀಲಿನಲ್ಲಾಗಲಿ ಪ್ಯಾಕಿಂಗಿನಲ್ಲಾಗಲಿ ಗಾಳಿ ಸೇರಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೈಲೆನ್ಸರಿನ ಬಾಯಿಗಳನ್ನು ರಬ್ಬರ್ ಹಾಳೆ ಕೊಟ್ಟು ಮುಚ್ಚಿ, ಕಾರ್ಬ್ಯುರೇಟರಿನ ಜಾಗದಿಂದ ಹಳೆಯ ಬಿ.ಪಿ. ಉಪಕರಣದ ರಬ್ಬರ್ ಉಂಡೆಯಲ್ಲಿ ಗಾಳಿ ಒತ್ತಿ. ಮುಳ್ಳನ್ನು 250ಕ್ಕೆ ಏರಿಸಿ ಬಿಟ್ಟರೆ ಕೆಲವು ನಿಮಿಷ ಅಲ್ಲೇ ನಿಲ್ಲಬೇಕು. ಇಳಿದರೆ ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ದೋಷವಿದೆ.

ಮಂಡ್ಯದ ಟ್ಯಾಂಕಿನವರು

ತುಕ್ಕಿಗೆ ಆ್ಯಸಿಡ್ ಹಾಕಬೇಡಿ ಸರ್. ಹೈಡ್ರೋಕ್ಲೋರಿಕ್ ಆ್ಯಸಿಡ್ಡು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಅಂಚಿನ ಬೆಸುಗೆಯಲ್ಲಿ ಉಳಿದ ಹನಿ ಆಮೇಲೂ ಕೆಲಸ ಮಾಡುತ್ತಲೇ ಇರುತ್ತದೆ, ಹೊರಗಿನ ಕ್ರೋಮಿನ ಮೇಲೆ ಬಿದ್ದರೆ ಅದೂ ಹೋಯಿತು. ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳ ಕಾಕಂಬಿ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ, ಟ್ಯಾಂಕಿನ ಕಂಠದವರೆಗೆ ತುಂಬಿ, ಬಾಯನ್ನು ಸಡಿಲವಾಗಿ ಮುಚ್ಚಿ ಒಂದೆರಡು ವಾರ ಬಿಡಬೇಕು. ಹುಳಿ ಬಂದು ನೊರೆ ಏಳುತ್ತದೆ, ವಾಸನೆಯೂ ಇರುತ್ತದೆ, ಆದ್ದರಿಂದ ಮನೆಯೊಳಗೆ ಇಡಬೇಡಿ. ಅದು ತುಕ್ಕನ್ನು ಹಿಡಿದು ಕರಗಿಸುತ್ತದೆ, ಒಳ್ಳೆಯ ಉಕ್ಕನ್ನು ತಿನ್ನುವುದಿಲ್ಲ. ಆದರೆ ಅಲ್ಯೂಮಿನಿಯಮ್ಮನ್ನೂ ಸತುವನ್ನೂ ತಿನ್ನುತ್ತದೆ. ಹಾಗಾಗಿ ಮುಚ್ಚಳ ಮತ್ತು ಪೆಟ್ರೋಲ್ ಟ್ಯಾಪು ತೆಗೆದಿಟ್ಟು ತೂತುಗಳಿಗೆ ರಬ್ಬರ್ ಬಿರಡೆ ಕೊಡಿ. ತೊಳೆದ ಮೇಲೆ ತಡ ಮಾಡಬಾರದು. ಬರಿದಾದ ಉಕ್ಕು ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಬಿಸಿ ಗಾಳಿಯಲ್ಲಿ ಒಣಗಿಸಿ, ಕೂಡಲೇ ಟೂ ಸ್ಟ್ರೋಕ್ ಎಣ್ಣೆ ಬೆರೆಸಿದ ಪೆಟ್ರೋಲು ಹಾಕಿ ಅಲುಗಾಡಿಸಿ.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇರುತ್ತದೆ ಎಂಬುದನ್ನು ಹಳೆಯ ಗಾಡಿಯವರು ಮರೆಯಬಾರದು. ಅದು ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲೂ ನೀರೂ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ತುಕ್ಕು ಶುರುವಾಗುವುದು ಅಲ್ಲಿಂದ. ಹಳೆಯ ರಬ್ಬರ್ ನಳಿಕೆಗಳು ಉಬ್ಬಿ ಮೆತ್ತಗಾಗುತ್ತವೆ. ಒಳಗೆ ಬಳಿಯುವ ಕೆಲವು ರಾಳದ ಲೇಪಗಳು ಸುಲಿದುಬಂದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಾದ ಜೆಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರಿನ ಬಟ್ಟಲನ್ನೂ ಪೂರ್ತಿ ಖಾಲಿ ಮಾಡಿಡಿ.

ಕ್ರೋಮ್ ಚೆನ್ನಾಗಿದೆ ಎಂದಿದ್ದೀರಿ, ಹಾಗಿದ್ದರೆ ಮುಟ್ಟಬೇಡಿ. ಹೊಸದಾಗಿ ಕ್ರೋಮ್ ಹಾಕುವ ಮೊದಲು ಬಫಿಂಗ್ ಚಕ್ರಕ್ಕೆ ಕೊಟ್ಟಾಗ ಹಳೆಯ ತಗಡು ಇನ್ನಷ್ಟು ತೆಳ್ಳಗಾಗುತ್ತದೆ, ಮುಚ್ಚಿದ್ದ ಸೂಜಿತೂತುಗಳು ತೆರೆದುಕೊಳ್ಳುತ್ತವೆ. ಸಣ್ಣಪುಟ್ಟ ಕಲೆಗಳಿರುವ ಮೂಲ ಕ್ರೋಮ್ ಈಗ ಹಾಕಿಸುವ ತೆಳು ಕ್ರೋಮಿಗಿಂತ ಬಹಳ ಮೇಲು.

ಬ್ರನೋ ಕನ್ನಡಿಗ

ಕೆಲಸದ ಮೇಲೆ ಜೆಕ್ ದೇಶದಲ್ಲಿರುವ ಮೈಸೂರಿನವನು ನಾನು. ನಮ್ಮ ಜಾವಾದ ಮೂಲ ಮಾದರಿ ಇಲ್ಲಿಯದೇ. ಫ್ರಾಂಟಿಶೆಕ್ ಯಾನೆಚೆಕ್ (ಬರೆಯುವುದು Janeček ಎಂದು) ಅವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ಹಕ್ಕು ಕೊಂಡು ಆರಂಭಿಸಿದ ಉದ್ಯಮ ಇದು. ಇಬ್ಬರ ಹೆಸರಿನ ಮೊದಲ ಅಕ್ಷರಗಳೇ ಜಾವಾ ಆದವು. 353 ಮಾದರಿಗೆ ಇಲ್ಲಿ ಇಂದಿಗೂ ಬಿಡಿಭಾಗಗಳನ್ನು ಹೊಸದಾಗಿ ಮಾಡುತ್ತಾರೆ. ಹಳೆಯ ಸಾಮಾನುಗಳ ಸಂತೆಗಳೂ ನಡೆಯುತ್ತವೆ, ಅಲ್ಲಿ ಈ ಮಾದರಿಯನ್ನು ಕೀವಾಚ್ಕಾ ಎಂದು ಕೇಳಿದರೆ ಕೂಡಲೇ ಅರ್ಥವಾಗುತ್ತದೆ.

ಎರಡು ಎಚ್ಚರಿಕೆಗಳು. ಮೈಸೂರಿನಲ್ಲಿ ತಯಾರಾದ ಭಾಗಗಳು ಕಾಲಕ್ರಮದಲ್ಲಿ ಇಲ್ಲಿನ ಭಾಗಗಳಿಂದ ಸಣ್ಣಸಣ್ಣ ವಿಷಯಗಳಲ್ಲಿ ಬೇರೆಯಾದವು. ಆದ್ದರಿಂದ ಚಿತ್ರ ನೋಡಿ ತರಿಸಬೇಡಿ, ನಿಮ್ಮ ಹಳೆಯ ಭಾಗದ ಅಳತೆಗಳನ್ನು ಕಳುಹಿಸಿ ಖಚಿತಪಡಿಸಿಕೊಳ್ಳಿ. ಎರಡನೆಯದು ದುಡ್ಡಿನ ಮಾತು: ಸಾಗಣೆ ಮತ್ತು ಸುಂಕ ಸೇರಿದರೆ ಭಾರವಾದ ವಸ್ತುಗಳ ಬೆಲೆ ಬಹಳ ಏರುತ್ತದೆ. ರಬ್ಬರ್ ಭಾಗಗಳು, ಕಾರ್ಬ್ಯುರೇಟರಿನ ಸ್ಲೈಡು ಮತ್ತು ಸೂಜಿ, ಪಾಯಿಂಟುಗಳು, ಪ್ಯಾಕಿಂಗುಗಳು ಇಂಥ ಹಗುರ ವಸ್ತುಗಳಿಗೆ ಮಾತ್ರ ಇಲ್ಲಿಂದ ತರಿಸುವುದು ಲಾಭಕರ. ಸವಾರರ ಜಿಕೋವ್ ಸವೆದಿದೆ ಎಂದರೆ ಸವೆದಿರುವುದು ಬಹುಶಃ ಸ್ಲೈಡು. ಅದು ಸಡಿಲವಾದರೆ ಪಕ್ಕದಿಂದ ಗಾಳಿ ಒಳಹೋಗಿ ಐಡ್ಲಿಂಗ್ ಎಂದಿಗೂ ಒಂದೇ ಸಮನೆ ಬರುವುದಿಲ್ಲ. ಡೈನಮೋ ಕೈಕೊಟ್ಟರೆ, ವೇಪ್ ಎಂಬ ಜೆಕ್ ಕಂಪನಿ ಹಳೆಯ ಜಾವಾಗಳಿಗೆ 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡುತ್ತದೆ. ಅದು ಡೈನಮೋದ ಜಾಗದಲ್ಲೇ ಕೂರುತ್ತದೆ, ಕೇಸನ್ನು ಕೊರೆಯಬೇಕಿಲ್ಲ. ಹಳೆಯ 6 ವೋಲ್ಟಿನ ದೀಪಕ್ಕಿಂತ ರಾತ್ರಿ ರಸ್ತೆ ಎಷ್ಟೋ ಚೆನ್ನಾಗಿ ಕಾಣುತ್ತದೆ.

ಹಾಸನದ ಸವಾರ

ಇಲ್ಲಿ ಬರೆದ ಪ್ರತಿಯೊಬ್ಬರಿಗೂ ಋಣಿಯಾಗಿದ್ದೇನೆ. ಕ್ರ್ಯಾಂಕು ಹೊಸ ಕಾನ್‌ರಾಡಿನೊಂದಿಗೆ ನೇರವಾಗಿ ಬಂದಿದೆ, ಎಂಜಿನ್ನು ಗಾಳಿ ಪರೀಕ್ಷೆಯಲ್ಲಿ ನಿಂತಿದೆ, ಟ್ಯಾಂಕು ಒಳಗೆ ಬೂದುಬಣ್ಣದ ಶುದ್ಧ ಲೋಹವಾಗಿದೆ. 18 ಇಂಚಿನ ಚಕ್ರಗಳನ್ನು ಕೊಟ್ಟು 16 ಇಂಚಿನ ರಿಮ್ಮುಗಳನ್ನು ಪಡೆದಿದ್ದೇನೆ. ರೋಡ್‌ಕಿಂಗ್ ಎಂಜಿನ್ನನ್ನು ನಮ್ಮೂರಿನ ಐ.ಟಿ.ಐ. ವಿದ್ಯಾರ್ಥಿಗಳು ಬಿಚ್ಚಿ ಕಲಿಯಲು ಕೊಡೋಣವೆಂದಿದ್ದೇನೆ. ಒಂಟಿ ಸೀಟು ಬ್ರಾಕೆಟ್ಟಿನ ಮೇಲೆ ಬರುತ್ತದೆ, ಮೂಲ ಸೀಟಿನ ತಗಡು ಜೋಪಾನವಾಗಿದೆ. ಬಣ್ಣ ಹಳೆಯ ಕೆಂಗಂದು. ಪುಸ್ತಕದ ಕೆಲಸ ಕಚೇರಿಯಲ್ಲಿ ನಡೆದಿದೆ.

ಉಳಿದ ಪ್ರಶ್ನೆಗಳು ಮೂರು. ಸದ್ಯ 6 ವೋಲ್ಟಿನ ಡೈನಮೋವನ್ನೇ ಇಟ್ಟುಕೊಳ್ಳುವುದಾದರೆ ಕಿಡಿ ಹಾರುವ ಟೈಮಿಂಗನ್ನು ನಂಬಿಕೆಯಿಂದ ಹೇಗೆ ಇಡುವುದು? ಸೈಲೆನ್ಸರನ್ನು ಮೊಟಕು ಮಾಡಬೇಕೇ ಬೇಡವೇ? ಹೊಸ ಬೋರಿಗೆ ಎಣ್ಣೆ ಎಷ್ಟು?

ಹುಬ್ಬಳ್ಳಿ ಲೇಥ್

ಮೊದಲು ಪಾಯಿಂಟಿನ ಅಂತರ 0.4 ಮಿ.ಮೀ. ಮಾಡಿಕೊಳ್ಳಿ, ಆಮೇಲೆ ಟೈಮಿಂಗ್. ಅಂತರ ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಈ ಕ್ರಮ ತಪ್ಪಬಾರದು. ಪ್ಲಗ್ಗಿನ ತೂತಿನಿಂದ ಡಯಲ್ ಗೇಜ್ ಇಳಿಸಿ ಪಿಸ್ಟನ್ನು ತುದಿಗೆ ಬಂದ ಸ್ಥಾನ ಹಿಡಿದು, ಅಲ್ಲಿಂದ ಹಿಂದಕ್ಕೆ ತಿರುಗಿಸಿ ನಿಮ್ಮ ಮಾದರಿಯ ಕೈಪಿಡಿಯಲ್ಲಿ ಕೊಟ್ಟಷ್ಟು ಮಿಲಿಮೀಟರಿಗೆ ನಿಲ್ಲಿಸಿ. ಪಾಯಿಂಟುಗಳ ನಡುವೆ ಸಿಗರೇಟಿನ ತೆಳು ಹಾಳೆಯ ಒಂದು ಚೂರು ಸಿಕ್ಕಿಸಿ ಹಗುರವಾಗಿ ಎಳೆದು ಹಿಡಿದು, ಪ್ಲೇಟನ್ನು ಸ್ವಲ್ಪಸ್ವಲ್ಪವೇ ಸರಿಸಿ. ಹಾಳೆ ಹರಿಯದೆ ಸರ್ರನೆ ಬಿಟ್ಟುಕೊಂಡ ಕ್ಷಣದಲ್ಲಿ ಪಾಯಿಂಟು ತೆರೆದಿರುತ್ತದೆ, ಸ್ಕ್ರೂ ಬಿಗಿಯಿರಿ. ಬಿಗಿದ ಮೇಲೆ ಇನ್ನೊಮ್ಮೆ ನೋಡಿ, ಬಿಗಿಯುವಾಗ ಪ್ಲೇಟು ಸರಿಯುವುದುಂಟು.

ಸೈಲೆನ್ಸರನ್ನು ಮೊಟಕು ಮಾಡಬೇಡಿ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರು ಎಂಜಿನ್ನಿನ ಭಾಗವೇ. ಹೊರಹೋದ ಹೊಗೆಯ ಒತ್ತಡದ ಅಲೆ ಹಿಂದಿರುಗಿ, ಸುಡದ ಮಿಶ್ರಣ ಹೊರಗೆ ಓಡಿಹೋಗದಂತೆ ತಡೆಯುವ ಲೆಕ್ಕ ಅದರ ಉದ್ದದಲ್ಲಿ ಇದೆ. ಸದ್ದು ತಗ್ಗಿಸುವ ಒಳಗಿನ ಬ್ಯಾಫಲ್ ಕಿತ್ತರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹಳೆಯ ಮಸಿ ಕಟ್ಟಿದ್ದರೆ ಬ್ಯಾಫಲ್ ಹೊರತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ತೊಳೆದು, ಅಲ್ಲೇ ಹಿಂದಿರುಗಿಸಿ.

ಎಣ್ಣೆಯನ್ನು ಮೊದಲ 500 ಕಿಲೋಮೀಟರಿಗೆ ಲೀಟರಿಗೆ 50 ಮಿ.ಲೀ. ಹಾಕಿ, ಆಮೇಲೆ 40 ಮಿ.ಲೀ.ಗೆ ಇಳಿಸಿ. ಟ್ಯಾಂಕಿಗೆ ನೇರವಾಗಿ ಸುರಿಯದೆ ಡಬ್ಬಿಯಲ್ಲಿ ಬೆರೆಸಿ ಹಾಕಿ. ಹೊಸ ಬೋರಿನಲ್ಲಿ ಒಂದೇ ವೇಗದಲ್ಲಿ ದೂರ ಓಡಿಸಬೇಡಿ, ಏರು ಬಂದಾಗ ಗೇರು ಇಳಿಸದೆ ಎಂಜಿನ್ನನ್ನು ಹಿಂಡಬೇಡಿ. ಉದ್ದವಾದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿಕೊಂಡು ಇಳಿದರೆ ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ನಿಲ್ಲುತ್ತದೆ. ಸಕಲೇಶಪುರದ ಘಾಟಿ ನಿಮಗೆ ಹತ್ತಿರವೇ ಇರುವುದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ, ಇಳಿಯುವಾಗ ಆಗಾಗ ಥ್ರಾಟಲನ್ನು ಸ್ವಲ್ಪ ತೆರೆದು ಎಂಜಿನ್ನಿಗೆ ಎಣ್ಣೆ ಕೊಡುತ್ತಾ ಬನ್ನಿ. ಮೊದಲ ಸುತ್ತು ಮುಗಿದು ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಮತ್ತೆ ಬಿಗಿಯಿರಿ, ಪ್ಲಗ್ಗು ತೆಗೆದು ಅದರ ಬಣ್ಣ ನೋಡಿ ಇಲ್ಲಿ ತಿಳಿಸಿ. ಕಂದುಬಣ್ಣ ಬಂದಿದ್ದರೆ ಜೆಟ್ಟು ಮುಟ್ಟಬೇಡಿ, ಬಿಳಿಚಿಕೊಂಡಿದ್ದರೆ ಮತ್ತೆ ಓಡಿಸದೆ ಮೊದಲು ಗಾಳಿ ಎಲ್ಲಿಂದ ಸೇರುತ್ತಿದೆ ಎಂದು ಹುಡುಕೋಣ.